ಬೀಳದ ಸೇತುವೆ

ಕಾಲೇಜಿನ ವಾರ್ಷಿಕ ಸಂಚಿಕೆಗೆ ನಮ್ಮ ಇತಿಹಾಸದ ಮೇಡಂ ಬಗ್ಗೆ ಅರ್ಧ ಪುಟ ಬರೆದುಕೊಡಿ ಎಂದು ಪ್ರಿನ್ಸಿಪಾಲರು ಕೇಳಿ ತಿಂಗಳಾಯಿತು. ಶೀರ್ಷಿಕೆಯನ್ನೂ ಪ್ರಿನ್ಸಿಪಾಲರೇ ಕೊಟ್ಟಿದ್ದಾರೆ, ‘ಆದರ್ಶ ಉಪನ್ಯಾಸಕಿ’ ಎಂದು. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ಎದ್ದುಬಿಡುತ್ತೇನೆ. ಹಿಂದೆ ಮೇಡಂ ನಿಂತುಕೊಂಡು, ಆದರ್ಶ ಅಂದ್ರೆ ನಾನು ಮಾಡಿದ್ದೇನು, ಅದನ್ನು ಮೊದಲು ಬರೀರಿ ಎಂದು ಕೇಳುತ್ತಿದ್ದಾರೇನೋ ಅನ್ನಿಸುತ್ತದೆ. ಅರ್ಧ ಪುಟದ್ದು ಹಾಗೇ ಇರಲಿ. ನನಗೆ ಗೊತ್ತಿರುವ ಅವರನ್ನು ಇಲ್ಲಿ ಬರೆಯುತ್ತೇನೆ. ಹೆಸರು ಹಾಕುವುದಿಲ್ಲ. ಆ ಹೆಸರು ಒಂದು ವಾರ ಊರೆಲ್ಲರ ಮೊಬೈಲಿನಲ್ಲಿ ಓಡಾಡಿದ್ದೇ ಅವರಿಗೆ ಸಾಕಾಗಿತ್ತು.

ಹುಮನಾಬಾದಿನ ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ಅವರು ಇತಿಹಾಸ ಕಲಿಸುತ್ತಿದ್ದರು, ನಾನು ಕನ್ನಡ. ಇಬ್ಬರ ಮನೆಯೂ ಬಸವಕಲ್ಯಾಣದಲ್ಲಿ. ಹಾಗಾಗಿ ಬೆಳಗಿನ ಬಸ್ಸು ಒಂದೇ, ಸಂಜೆಯದೂ ಒಂದೇ. ಬಸ್ಸಿನಲ್ಲಿ ಅವರು ಕೂತಿದ್ದನ್ನು ನಾನು ನೋಡಿದ್ದು ಕಡಿಮೆ. ಸೀಟು ಖಾಲಿ ಇದ್ದರೂ ಡ್ರೈವರನ ಹಿಂದಿನ ಕಂಬಿ ಹಿಡಿದು ನಿಲ್ಲುತ್ತಿದ್ದರು. ದಾರಿಯಲ್ಲಿ ರಾಜೇಶ್ವರ ಊರು ಬರುವಷ್ಟರಲ್ಲಿ ಆ ದಿನದ ಜಗಳ ಶುರುವಾಗಿರುತ್ತಿತ್ತು. ಕ್ಲಾಸಿನಲ್ಲೂ ಹಾಗೆಯೇ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತ ಪಾಠ ಹೇಳುತ್ತಿದ್ದರು, ಮಕ್ಕಳ ಕತ್ತು ಅವರ ಜೊತೆ ತಿರುಗುತ್ತಿತ್ತು. ಚಹಾದ ಕಪ್ಪು ಹಿಡಿದು ಸ್ಟಾಫ್ ರೂಮಿನಿಂದ ಹೊರಟರೆ ಕಪ್ಪು ಮಾರನೆಯ ದಿನ ಲೈಬ್ರರಿಯ ಕಪಾಟಿನ ಮೇಲೆ ಸಿಗುತ್ತಿತ್ತು.

ನಮ್ಮ ಜಗಳಕ್ಕೆ ಮೂಲ ನನ್ನ ಕಥೆಗಳು. ನಾನು ಆಗಾಗ ಕಥೆ ಬರೆಯುತ್ತೇನೆ, ಅಲ್ಲಿ ಇಲ್ಲಿ ಅಚ್ಚಾಗುತ್ತವೆ. ಕಾಲೇಜಿನಲ್ಲಿ ಅವುಗಳನ್ನು ಪೂರ್ತಿ ಓದುತ್ತಿದ್ದವರು ಅವರೊಬ್ಬರೇ. ಓದಿ ಸುಮ್ಮನಿರುತ್ತಿರಲಿಲ್ಲ. ಒಂದು ಕಥೆಯಲ್ಲಿ ನಡುವಯಸ್ಸಿನ ಗುಮಾಸ್ತನೊಬ್ಬ ಹೆಂಡತಿಯ ಊರಿಗೆ ಹೋಗಲೆಂದು ಬಸ್‌ ಸ್ಟ್ಯಾಂಡಿಗೆ ಬರುತ್ತಾನೆ, ಬಸ್ಸು ಬರುತ್ತದೆ, ಹತ್ತದೆ ನಿಂತುಬಿಡುತ್ತಾನೆ. ಮಾರನೆಯ ದಿನ ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಇಟ್ಟು ಕೇಳಿದರು.

“ಇಂವ ಯಾಕ ಹತ್ತಲಿಲ್ಲ?”

ಮನುಷ್ಯನಿಗೆ ಹಾಗೆ ಆಗುತ್ತದೆ ಮೇಡಂ, ತೀರ್ಮಾನ ಮಾಡಲಾಗದ ಸ್ಥಿತಿ ಅದು ಎಂದೆ.

“ಆಗ್ತದ, ಗೊತ್ತದ. ನಮ್ಮ ಮನ್ಯಾಗೂ ಆಗ್ತದ. ಅದನ್ನ ಓದಾಕ ನಾ ಯಾಕ ರೊಕ್ಕ ಕೊಟ್ಟು ಪುಸ್ತಕ ತರಬೇಕು? ನಿಮ್ಮ ಒಬ್ಬ ಮನಷಾನೂ ಏನೂ ಮಾಡಂಗಿಲ್ಲ. ಕಿಟಕಿ ನೋಡ್ತಾನ, ಉಸಿರು ಬಿಡ್ತಾನ, ಮಲಗ್ತಾನ.”

ಅವರಿಗೆ ಕಥೆಯಲ್ಲಿ ಯಾರಾದರೂ ಏನಾದರೂ ಮಾಡಬೇಕಿತ್ತು. ಗೆಲ್ಲಲೇಬೇಕೆಂದಿರಲಿಲ್ಲ, ಆದರೆ ಮುಂದೆ ಬಂದು ನಿಲ್ಲಬೇಕಿತ್ತು. ಹೊಸ ಕಾಲದ ಬರಹಗಾರರಿಗೆ ಧೈರ್ಯವಂತರ ಬಗ್ಗೆ ಬರೆಯಲು ನಾಚಿಕೆಯಾಗುತ್ತದೆ, ಸಿನಿಮಾದವರಿಗೆ ಹೊಡೆಯುವವನಿಗೂ ಧೈರ್ಯವಂತನಿಗೂ ವ್ಯತ್ಯಾಸವೇ ಗೊತ್ತಿಲ್ಲ, ನಡುವೆ ನಮ್ಮ ಮಕ್ಕಳು ಯಾರನ್ನು ನೋಡಿ ಬೆಳೆಯಬೇಕು ಎಂಬುದು ಅವರ ವಾದ. ದೊಡ್ಡವರನ್ನು ದೊಡ್ಡವರಾಗಿ ತೋರಿಸುವುದರಲ್ಲೂ ಮೋಸವಿದೆ ಎಂದು ನಾನು ಹೇಳುತ್ತಿದ್ದೆ. ಬಸ್ಸು ಹುಮನಾಬಾದ್ ತಲುಪುತ್ತಿತ್ತು, ಜಗಳ ಸಂಜೆಗೆ ಉಳಿಯುತ್ತಿತ್ತು.

ಹುಮನಾಬಾದಿನ ಬಸ್‌ ಸ್ಟ್ಯಾಂಡಿನ ಎದುರು ವರ್ಷವಿಡೀ ಫ್ಲೆಕ್ಸುಗಳು ಇರುತ್ತವೆ. ಕಪ್ಪು ಕನ್ನಡಕ, ಹಿಂದೊಂದು ಸಿಂಹ, ‘ಯುವಕರ ಕಣ್ಮಣಿ’. ಅವರು ಪ್ರತಿಯೊಂದನ್ನೂ ನಿಂತು ಓದುತ್ತಿದ್ದರು. ಒಮ್ಮೆ ಅಂಥ ಫ್ಲೆಕ್ಸಿನಲ್ಲಿದ್ದ ಹುಡುಗ ಅದರ ಕೆಳಗಿನ ಚಹಾದಂಗಡಿಯಲ್ಲೇ ಸಿಕ್ಕಿಬಿಟ್ಟ. ಇವರು ನೇರ ಹೋಗಿ, ತಮ್ಮಾ, ನೀನು ಏನು ಮಾಡಿದ್ದೀಯಪ್ಪ ಎಂದು ಕೇಳಿದರು. ಅವನಿಗೆ ಕೋಪ ಬರಲಿಲ್ಲ, ಗಾಬರಿಯಾಯಿತು. “ಏನೂ ಮಾಡಿಲ್ರಿ ಅಕ್ಕಾರ. ಬರ್ತ್‌ಡೇ ಇತ್ತು” ಎಂದ. ಇವರು ಅವನ ಚಹಾಕ್ಕೂ ತಾವೇ ದುಡ್ಡು ಕೊಟ್ಟು ಬಂದರು.

ಮಕ್ಕಳನ್ನು ಪ್ರತಿ ವರ್ಷ ನಾರಾಯಣಪುರದ ಹಳೆಯ ಶಿವಾಲಯ ತೋರಿಸಲು ಕರೆದೊಯ್ಯುತ್ತಿದ್ದರು. ದಾರಿಯಲ್ಲಿ ಒಂದು ಹೊಲದ ಬದುವಿನ ಮೇಲೆ ಒಂದು ವೀರಗಲ್ಲು ಬಿದ್ದಿತ್ತು. ಹುಡುಗರನ್ನು ಕೂಡಿಸಿ ಅದನ್ನು ಎತ್ತಿ ನಿಲ್ಲಿಸುವುದು ಅವರ ಪದ್ಧತಿ. ಮುಂದಿನ ವರ್ಷಕ್ಕೆ ಅದು ಮತ್ತೆ ಮಲಗಿರುತ್ತಿತ್ತು. ನಾನು ಜೊತೆಗೆ ಹೋಗಿದ್ದ ವರ್ಷ ಹೊಲದ ರೈತ ಬಂದು ನೋಡುತ್ತ ನಿಂತ. ಯಾರು ಇವನು ಎಂದು ಕೇಳಿದ. ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನು ಎಂದು ಮೇಡಂ ವಿವರಿಸಿದರು. ಆ ರೈತ ಸ್ವಲ್ಪ ಹೊತ್ತು ಕಲ್ಲನ್ನು ನೋಡಿ, “ದನ ಉಳದ್ವೇನ್ರಿ?” ಎಂದ.

ಅದು ಕಲ್ಲಿನ ಮೇಲೆ ಕೊರೆದಿರಲಿಲ್ಲ. ಮೇಡಂ ವಾಪಸು ಬಂದು ಬಸ್ಸಿಳಿಯುವಾಗ, ಇಷ್ಟು ವರ್ಷ ಈ ಪ್ರಶ್ನೆ ನನಗೆ ಯಾಕೆ ಹೊಳೆಯಲಿಲ್ಲ ಅಂತೀನಿ ಎಂದರು.

ಇನ್ನೊಂದು ಸಲ ಕ್ಲಾಸಿನಲ್ಲಿ ನಿಮ್ಮ ಹೀರೋ ಯಾರು ಎಂದು ಎಲ್ಲರನ್ನೂ ಕೇಳಿದರಂತೆ. ಕೆಲವರು ನಟರ ಹೆಸರು ಹೇಳಿದರು, ಕೆಲವರು ಆಟಗಾರರದು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಯಾರೂ ಇಲ್ಲ ಎಂದಳು. ಯಾಕಮ್ಮ ಎಂದಾಗ, ಯಾರನ್ನು ಮೆಚ್ಚಿಕೊಂಡರೂ ಮರುದಿನ ಅವರದೊಂದು ವಿಡಿಯೋ ಬರುತ್ತದೆ, ಹಾಗಾಗಿ ಬಿಟ್ಟುಬಿಟ್ಟೆ ಎಂದಳಂತೆ. ಅದನ್ನು ನನಗೆ ಹೇಳುವಾಗ ಅವರ ಮುಖ ಸಪ್ಪಗಿತ್ತು. ಅವರದೇ ವಿಡಿಯೋ ಬರುತ್ತದೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಅದು ಅವರ ನಿವೃತ್ತಿಗೆ ಹಿಂದಿನ ಮಳೆಗಾಲ. ಚಿಟಗುಪ್ಪದ ಆಚೆ ಒಂದು ಹಳ್ಳಿಯಲ್ಲಿ ನಮ್ಮ ಮಕ್ಕಳ ಸೇವಾ ಶಿಬಿರ ನಡೆದಿತ್ತು. ಇಬ್ಬರೂ ಭಾಷಣಕ್ಕೆಂದು ಹೋಗಿದ್ದೆವು. ಮಧ್ಯಾಹ್ನದ ಬಸ್ಸಿಗೆ ವಾಪಸು ಹೊರಟೆವು. ದೊಡ್ಡ ರಸ್ತೆ ಸೇರುವ ಮೊದಲು ಒಂದು ಹಳ್ಳ, ಅದರ ಮೇಲೆ ತಗ್ಗಿನ ಸೇತುವೆ. ಹಿಂದಿನ ದಿನದಿಂದ ಮಳೆ ಹೊಡೆದಿತ್ತು. ಕೆಂಪು ನೀರು ಸೇತುವೆಯ ಮೇಲೆ ಹರಿಯುತ್ತಿತ್ತು, ಅಂಚಿನ ಕಲ್ಲುಗಳ ತಲೆ ಮಾತ್ರ ಕಾಣುತ್ತಿತ್ತು.

ಡ್ರೈವರ್ ಎಳೆಯ ವಯಸ್ಸಿನವನು, ಆ ದಾರಿಗೆ ಹೊಸಬ. ಬಸ್ಸು ನಿಲ್ಲಿಸಿ ನೋಡಿದ. ಅಷ್ಟರಲ್ಲಿ ಆ ಕಡೆಯಿಂದ ಒಂದು ಟ್ರ್ಯಾಕ್ಟರ್ ನೀರು ಸೀಳಿಕೊಂಡು ಈ ಕಡೆ ಬಂತು. ಬಸ್ಸಿನಲ್ಲಿದ್ದವರು ಟ್ರ್ಯಾಕ್ಟರೇ ಬಂತಲ್ಲ, ನಡಿ ನಡಿ ಎಂದರು. ಅವನು ಗೇರ್ ಹಾಕಿದ. ಮೇಡಂ ಎಂದಿನಂತೆ ಅವನ ಹಿಂದೆಯೇ ನಿಂತಿದ್ದರು. ತಡೆಯಪ್ಪ ಎಂದರು. ಏನೂ ಆಗುವುದಿಲ್ಲ ಎಂದು ಅವನು ಅನ್ನುವಷ್ಟರಲ್ಲಿ ಇವರು ಬಾಗಿಲು ತೆರೆದು ಇಳಿದು, ಬಸ್ಸಿನ ಮುಂದೆ ಹೋಗಿ, ನೀರಿಗೆ ಬೆನ್ನು ಮಾಡಿ ನಿಂತುಬಿಟ್ಟರು. ಹೆಗಲಿಗೆ ಚೀಲ, ಕೈಯಲ್ಲಿ ಮಡಚಿದ ಛತ್ರಿ.

“ನನ್ನ ಮ್ಯಾಲ ಹಾದು ಹೋಗ್ರಿ ಅಂತ ಅನ್ನಂಗಿಲ್ಲ, ಇದು ಸಿನಿಮಾ ಅಲ್ಲ. ಆದ್ರ ನಾ ಸರಿಯಂಗಿಲ್ಲ” ಎಂದರು.

ಡ್ರೈವರ್ ಎಂಜಿನ್ ಬಂದ್ ಮಾಡಿದ. ನಾನೂ ಇಳಿದು ನೀರು ನೋಡಿದೆ. ನನಗೇನೋ ಬಸ್ಸು ದಾಟುತ್ತದೆ ಅನ್ನಿಸಿತು, ಹಾಗೆಂದು ಅವರಿಗೆ ಹೇಳಿದೆ. ನಿಮಗೆ ಅನ್ನಿಸುತ್ತದೆ, ನನಗೆ ಅನ್ನಿಸುವುದಿಲ್ಲ, ಒಳಗೆ ಕೂಸುಗಳಿವೆ ಎಂದರು. ಜನ ಇಳಿದು ಬಂದು ಬೈದರು. ಒಬ್ಬ ಯುವಕ ಮೊಬೈಲು ಎತ್ತಿ ಹಿಡಿದ. ಎಲ್ಲರ ಹಿಂದೆ ಕಂಬಳಿ ಹೊದ್ದ ಒಬ್ಬ ಕುರಿಗಾರ, ಅವನ ಪಕ್ಕದಲ್ಲಿ ಎದೆಗೆ ಪ್ಲಾಸ್ಟಿಕ್ ಚೀಲ ಅವಚಿಕೊಂಡ ಅವನ ಮಗಳು. ಅವಳಿಗೆ ಬೀದರಿನಲ್ಲಿ ನರ್ಸಿಂಗ್ ಸೀಟು ಬಂದಿತ್ತು. ಸಂಜೆಯೊಳಗೆ ಕಾಗದಪತ್ರ ತೋರಿಸಿ ಹಾಜರಾಗಬೇಕು, ಅದೇ ಕೊನೆಯ ದಿನ. ತಂದೆ ಮುಂದೆ ಬಂದು ಕೈ ಮುಗಿದು, ಹುಡುಗಿಯ ಸೀಟು ಹೋಗುತ್ತದೆ ಎಂದು ಬೇಡಿಕೊಂಡ.

“ಜೀವ ಹೋದ್ರ ಸೀಟು ತಗೊಂಡು ಏನ್ ಮಾಡ್ತೀರಿ?” ಎಂದರು ಮೇಡಂ.

ಹಿಂದಿನಿಂದ ಒಂದು ಕ್ರೂಸರ್ ಜೀಪು ಬಂದು, ಬಸ್ಸಿನ ಪಕ್ಕದಲ್ಲಿ ನುಸುಳಿ ನೀರಿಗಿಳಿಯಿತು. ಹುಡುಗಿ ಕೈ ಬೀಸುತ್ತ ಅದರ ಹಿಂದೆ ಓಡಿದಳು. ಜೀಪು ತುಂಬಿತ್ತು, ನಿಲ್ಲಿಸಲಿಲ್ಲ. ಅಲ್ಲಾಡುತ್ತ ಅಲ್ಲಾಡುತ್ತ ಆಚೆ ದಂಡೆ ಸೇರಿತು. ಅದರ ಮೇಲೆ ಕೂತಿದ್ದವರು ನಮಗೆ ಕೈ ಬೀಸಿ ನಕ್ಕರು.

ಹೊತ್ತು ಇಳಿಯುವಾಗ ನೀರೂ ಇಳಿಯಿತು. ಬಸ್ಸು ಸುಸೂತ್ರವಾಗಿ ದಾಟಿತು. ಒಳಗೆ ಯಾರೂ ಅವರ ಜೊತೆ ಮಾತಾಡಲಿಲ್ಲ. ಹುಮನಾಬಾದಿನಲ್ಲಿ ತಂದೆ ಮಗಳು ಬೀದರ್ ಬಸ್ಸಿನ ಕಡೆ ಓಡಿದ್ದನ್ನು ಇಬ್ಬರೂ ನೋಡಿದೆವು.

ಮರುದಿನ ವಿಡಿಯೋ ಎಲ್ಲ ಕಡೆ ಹರಿದಾಡಿತು. ಹಿಂದೆ ನಗಾರಿಯ ಸದ್ದು, ಮೇಲೆ ‘ಬಸ್ಸಿಗೆ ಎದೆಯೊಡ್ಡಿದ ಕಲ್ಯಾಣದ ಸಿಂಹಿಣಿ’. ಅವರು ಕ್ಲಾಸಿಗೆ ಹೋದಾಗ ಮಕ್ಕಳು ಎದ್ದು ಚಪ್ಪಾಳೆ ಹೊಡೆದರು. ಪ್ರಿನ್ಸಿಪಾಲರು ಶಾಲು ತರಿಸಿದರು. ಶಾಲು ಹೊದಿಸುವ ಮೊದಲೇ ಕ್ರೂಸರಿನವರ ವಿಡಿಯೋ ಬಂತು. ಅದರಲ್ಲಿ ಅವರು ಆರಾಮಾಗಿ ದಾಟುತ್ತಾರೆ, ಹಿಂದೆ ದಂಡೆಯ ಮೇಲೆ ಮೇಡಂ ಛತ್ರಿ ಹಿಡಿದು ನಿಂತಿದ್ದಾರೆ, ಮೇಲೆ ‘ಹೆದರಿದ ಸಿಂಹಿಣಿ’ ಎಂದಿದೆ. ಶಾಲು ಬೀರುವಿನಲ್ಲೇ ಉಳಿಯಿತು. ಎರಡು ವಿಡಿಯೋಗಳನ್ನೂ ಅವರು ನನ್ನ ಫೋನಿನಲ್ಲಿ ನೋಡಿದರು, ಒಂದೇ ಮುಖದಿಂದ ನೋಡಿದರು.

“ಅದೆಲ್ಲ ಹೋಗ್ಲಿ ಬಿಡ್ರಿ” ಎಂದರು. “ಆ ಹುಡುಗಿಗಿ ಸೀಟು ಸಿಕ್ತೋ ಇಲ್ಲೋ?”

ಸೀಟು ಹೋಗಿತ್ತು. ಶಿಬಿರದ ಹಳ್ಳಿಯ ಮೇಷ್ಟ್ರಿಗೆ ಫೋನು ಮಾಡಿ ತಿಳಿದುಕೊಂಡರು. ಅಂದಿನಿಂದ ಅವರ ನಡಿಗೆಯ ಲಯವೇ ಕೆಟ್ಟಿತು. ಪಾಠದ ನಡುವೆ ಕಿಟಕಿಯ ಬಳಿ ನಿಂತರೆ ನಿಂತೇಬಿಡುತ್ತಿದ್ದರು. ರಾತ್ರಿ ನಿದ್ದೆಯಿಲ್ಲ, ಎದ್ದು ಪಡಸಾಲೆಯಲ್ಲಿ ಓಡಾಡುತ್ತಾಳೆ ಎಂದು ಅವರ ಜೊತೆಗಿದ್ದ ತಂಗಿ ನನಗೆ ಹೇಳಿದರು. ಬಸ್ಸು ದಾಟುತ್ತಿತ್ತೋ ಇಲ್ಲವೋ ಎಂಬುದು ಅವರಿಗೆ ಗೊತ್ತಾಗಬೇಕಿತ್ತು. ಒಂದು ಭಾನುವಾರ ನನ್ನನ್ನೂ ಎಬ್ಬಿಸಿಕೊಂಡು ಆ ಹಳ್ಳಕ್ಕೆ ಹೋದರು. ಸೇತುವೆ ಒಣಗಿ ಬೆಳ್ಳಗೆ ನಿಂತಿತ್ತು. ಬಟ್ಟೆ ಒಗೆಯುತ್ತಿದ್ದ ಮುದುಕಿಯನ್ನು ಕೇಳಿದರು. ಹೋದ ವರ್ಷ ಇಷ್ಟೇ ನೀರಿಗೆ ಎರಡು ಎಮ್ಮೆ ಹೋದವು ಎಂದಳು. ಇವರ ಮುಖ ಬೆಳಗಿತು. ಅದರ ಹಿಂದಿನ ವರ್ಷ ಇದಕ್ಕಿಂತ ಹೆಚ್ಚು ನೀರಿನಲ್ಲಿ ದಿಬ್ಬಣದ ಲಾರಿಯೇ ದಾಟಿತು ಎಂದು ಅವಳೇ ಮುಂದುವರಿಸಿದಳು.

ಅಲ್ಲಿಂದ ಕೇಳಿಕೊಂಡು ಹುಡುಗಿಯ ಮನೆಗೆ ಹೋದೆವು. ತಂದೆ ಕುರಿಗೆ ಸೊಪ್ಪು ಕಟ್ಟುತ್ತಿದ್ದ. ತಾಯಿ ಚಹಾ ಕೊಟ್ಟಳು. ಹುಡುಗಿ ಸೋಯಾ ಹೊಲದಿಂದ ಕೈ ತೊಳೆಯದೆ ಬಂದು ಬಾಗಿಲಲ್ಲಿ ನಿಂತಳು. ಮೇಡಂ ಏನೋ ಹೇಳಲು ಹೊರಟರು, ಮುಂದಿನ ವರ್ಷದ ಅರ್ಜಿ, ತಮ್ಮ ಮನೆಯಲ್ಲಿ ಉಳಿದು ಓದುವುದು. ಅವಳು ತಡೆದಳು.

“ನೀವು ಒಬ್ರ ನೋಡಿದ್ರಿ, ಒಬ್ರ ನಿಂತ್ರಿ. ಯಾರಿಗೂ ಕೇಳಲಿಲ್ಲ. ನಮ್ಮಪ್ಪಗ ಆ ಹಳ್ಳ ಹುಟ್ಟಿದಾಗಿಂದ ಗೊತ್ತದ. ಅವಗ ಒಂದು ಮಾತು ಕೇಳಿದ್ರ ಏನಾಗ್ತಿತ್ರಿ?”

ಮೇಡಂ ಚಹಾದ ಬಟ್ಟಲು ಕೆಳಗಿಟ್ಟು ತಂದೆಯ ಕಡೆ ತಿರುಗಿದರು.

“ಈಗ ಕೇಳ್ತೀನಿ. ಹೇಳ್ರಿ ಅಪ್ಪಾ. ದಾಟ್ತಿತ್ತೇನು?”

ಅವನು ಕೈಯಲ್ಲಿದ್ದ ಸೊಪ್ಪಿನ ಕಟ್ಟು ಬಿಗಿದ. “ಬಸ್ಸಿಂದು ನಂಗೇನ್ ಗೊತ್ರಿ ಬಾಯಾರ. ಕುರಿ ಆಗಿದ್ರ ಬಿಡ್ತಿದ್ದಿಲ್ಲ” ಎಂದ. ಮಗಳ ಮುಖ ನೋಡಿ, “ಆದ್ರ ಮಗಳ ಕೈ ಹಿಡಕೊಂಡು ನಾ ನಡದು ಹೋಗ್ತಿದ್ದೆ” ಎಂದೂ ಸೇರಿಸಿದ.

ದಾರಿಯುದ್ದಕ್ಕೂ ಮೇಡಂ ಆ ಮಾತನ್ನು ತಿರುವಿ ತಿರುವಿ ನೋಡಿದರು. ಬಸ್ಸಿನಲ್ಲಿ ಅಂದು ಅವರು ಕೂತರು. ಕಥೆಯ ಶೂರರು ಯಾರೂ ಯಾರನ್ನೂ ಕೇಳುವುದಿಲ್ಲ ನೋಡ್ರಿ ಎಂದರು. ನಂತರ, ಆದರೆ ಎಲ್ಲರನ್ನೂ ಕೇಳುತ್ತ ಕೂತರೆ ಅಷ್ಟರಲ್ಲಿ ಬಸ್ಸು ನೀರಿಗಿಳಿದಿರುತ್ತಿತ್ತಲ್ಲ ಎಂದರು. ಬಸವಕಲ್ಯಾಣ ಬರುವವರೆಗೆ ಈ ಎರಡರ ನಡುವೆಯೇ ಓಡಾಡಿದರು.

ಅವರ ಪಾಠ ಬದಲಾಯಿತು. ರಾಜ ಕೆರೆ ಕಟ್ಟಿಸಿದ ಎಂದು ಹೇಳಿ ನಿಲ್ಲಿಸಿ, ಅಗೆದವರನ್ನು ಕೇಳಿದ್ದನೋ ಇಲ್ಲವೋ ಎನ್ನುತ್ತಿದ್ದರು. ಯುದ್ಧದ ವರ್ಣನೆಯಲ್ಲಿ ಮೊದಲಿನ ಬಿಸಿ ಇರಲಿಲ್ಲ. ಒಬ್ಬ ಹುಡುಗ ಎದ್ದು, ಮೇಡಂ ಮೊದಲಿನಂಗ ಹೇಳ್ರಿ, ಅದು ಛಂದ ಇತ್ತು ಎಂದನಂತೆ. ಅದು ಅವರಿಗೆ ತುಂಬ ತಾಗಿತು. ನಮ್ಮ ಜಗಳದಲ್ಲಿ ನೀವು ಗೆದ್ದಿರಿ ಎಂದು ಅಂದುಕೊಳ್ಳಬೇಡಿ ಎಂದು ನನಗೂ ಎಚ್ಚರಿಸಿದರು. ಈ ಮಕ್ಕಳಿಗೆ ಒಬ್ಬ ಹೀರೋ ಬೇಕೇ ಬೇಕು, ಆದರೆ ಅವನನ್ನು ಹ್ಯಾಗೆ ಹೇಳಬೇಕೆಂದು ತಿಳಿಯದಾಗಿದೆ ಎಂದರು.

ಬೇಸಿಗೆಯಲ್ಲಿ ಅವರು ನಿವೃತ್ತರಾದರು. ಬೀಳ್ಕೊಡುಗೆಯ ಕಾಣಿಕೆಯೆಂದು ನಾನೊಂದು ಕಥೆ ಬರೆದೆ. ಜೀವನದಲ್ಲಿ ಮೊದಲ ಸಲ ನನ್ನ ಕಥೆಯಲ್ಲಿ ಒಬ್ಬಾಕೆ ಮುಂದೆ ಬಂದು ನಿಲ್ಲುತ್ತಾಳೆ, ಬಸ್ಸು ತಡೆಯುತ್ತಾಳೆ, ಬೈಗುಳ ತಿನ್ನುತ್ತಾಳೆ. ಮರುದಿನ ಬೆಳಗ್ಗೆ ಎದ್ದು ನೋಡಿದರೆ ಸೇತುವೆ ಕುಸಿದು ಬಿದ್ದಿರುತ್ತದೆ. ಬೈದವರೆಲ್ಲ ದಂಡೆಯ ಮೇಲೆ ಬಾಯಿ ಮುಚ್ಚಿ ನಿಂತಿರುತ್ತಾರೆ. ಅಚ್ಚಿಗೆ ಕಳಿಸುವ ಮೊದಲು ಅವರಿಗೆ ಕೊಟ್ಟೆ. ಮನೆಯ ಅಂಗಳದಲ್ಲಿ ನಡೆಯುತ್ತ ನಡೆಯುತ್ತ ಓದಿ ಮುಗಿಸಿದರು. ಮೆಚ್ಚುತ್ತಾರೆಂದು ನಾನು ಕಾದಿದ್ದೆ.

“ಪುಲ್ ಯಾಕ ಕೆಡವಿದ್ರಿ?” ಎಂದರು.

ಕಥೆಗೆ ಬೇಕಿತ್ತು ಎಂದೆ.

“ಅದು ಇನ್ನೂ ನಿಂತದ. ಜನ ದಾಟಾಕತ್ತಾರ. ನನ್ನ ಸಲುವಾಗಿ ಅದನ್ನ ಬೀಳಸಬ್ಯಾಡ್ರಿ.” ಹಾಳೆಗಳನ್ನು ಮತ್ತೆ ತಿರುವಿದರು. “ಎಲ್ಲಾರೂ ಇದ್ದಾರ ಇದರಾಗ. ಡ್ರೈವರ್, ಕ್ರೂಸರಿನವ್ರು, ನೀವೂ ಇದ್ದೀರಿ. ಆ ಹುಡುಗಿ ಎಲ್ಲ್ಯದಾಳ?”

ನನ್ನ ಕಥೆಯಲ್ಲಿ ಆ ಹುಡುಗಿ ಇರಲಿಲ್ಲ. ಅವಳಿದ್ದರೆ ಸೇತುವೆ ಬಿದ್ದರೂ ಕಥೆ ಮುಗಿಯುತ್ತಿರಲಿಲ್ಲ, ಅದಕ್ಕೇ ಬಿಟ್ಟಿದ್ದೆ. ಹಾಗೆಂದು ಒಪ್ಪಿಕೊಂಡೆ. ಅವರು ಹಾಳೆಗಳನ್ನು ನನ್ನ ಕೈಗಿಟ್ಟು, ಹಾಗಾದರೆ ಮುಗಿಯದಂಗೇ ಬರೀರಿ ಎಂದರು. ನಾನು ಆ ಕಥೆಯನ್ನು ಕಳಿಸಲಿಲ್ಲ. ಬೇರೆ ರೀತಿ ಬರೆಯಲೂ ಆಗಲಿಲ್ಲ.

ದೀಪಾವಳಿಗೆ ಇನ್ನೂ ಕೆಲವು ದಿನವಿರುವಾಗ, ಬೆಳಗ್ಗೆ ಹಾಲು ತರಲು ಹೋದವರು ಅಂಗಡಿಯ ಮುಂದೆಯೇ ಕುಸಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಮಣ್ಣು ಮಾಡಿ ಬಂದ ಮೇಲೆ ಅವರ ಮನೆಯ ಕಟ್ಟೆಯ ಮೇಲೆ ಜನ ಕೂತಿದ್ದರು. ಕುರಿಗಾರ ಮತ್ತು ಅವನ ಮಗಳು ಬಂದರು. ಅವಳನ್ನು ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ವರ್ಷ ಅವಳಿಗೆ ಬೀದರಿನಲ್ಲೇ ಮತ್ತೆ ಸೀಟು ಸಿಕ್ಕಿತ್ತು, ಹಾಸ್ಟೆಲಿನಿಂದ ನೇರ ಬಂದಿದ್ದಳು. ಮೇಡಂ ಅವಳ ಊರಿಗೆ ಆಗಾಗ ಹೋಗುತ್ತಿದ್ದರೆಂದು ನನಗೆ ಅಂದೇ ಗೊತ್ತಾಗಿದ್ದು. ಸಹಾಯ ಬೇಡ ಎಂದು ಅವಳು ಹೇಳಿದ್ದಳಂತೆ, ಇವರು ಒತ್ತಾಯ ಮಾಡಲಿಲ್ಲ. ಸುಮ್ಮನೆ ಹೋಗಿ ಬದುವಿನ ಮೇಲೆ ನಿಂತು, ಅವಳು ಕಳೆ ತೆಗೆಯುವುದನ್ನು ನೋಡುತ್ತ, ನಿನಗೇನು ಅನ್ನಿಸುತ್ತದೆ, ಬಸ್ಸು ದಾಟುತ್ತಿತ್ತಾ ಎಂದು ಕೇಳುತ್ತಿದ್ದರಂತೆ. ಇವಳು ಒಮ್ಮೆ ದಾಟುತ್ತಿತ್ತು ಅನ್ನುತ್ತಿದ್ದಳು, ಒಮ್ಮೆ ಇಲ್ಲ ಅನ್ನುತ್ತಿದ್ದಳು. ಏನು ಅಂದರೂ ಅವರು ಸಮಾಧಾನವಿಲ್ಲದೆ ಹೋಗುತ್ತಿದ್ದರು.

ಸಂಜೆ ಬೀದರ್ ಬಸ್ಸಿಗೆ ಅವಳನ್ನು ಬಿಡಲು ನಾನು ಬಸ್‌ ಸ್ಟ್ಯಾಂಡಿನವರೆಗೆ ಹೋದೆ. ತಂದೆ ಬಸ್ಸು ವಿಚಾರಿಸಲು ಆ ಕಡೆ ಹೋದಾಗ ಅವಳು ತಗ್ಗಿದ ದನಿಯಲ್ಲಿ ಹೇಳಿದಳು.

“ಸರ್, ಅವತ್ತು ನಾ ಮುಂದಿನ ಸೀಟಿನ್ಯಾಗ ಕುಂತಿದ್ದೆ. ಡ್ರೈವರಣ್ಣನ ಕೈ ನಡಗಾಕತ್ತಿದ್ವು. ಗೇರ್ ಹಿಡದ ಕೈ. ಮೇಡಂ ಇಳದು ನಿಂತ ಕೂಡ್ಲೆ ಅಂವ ಉಸಿರು ಬಿಟ್ಟ, ಗಾಡಿ ಬಂದ್ ಮಾಡಿದ. ನಾ ನೋಡೀನಿ.”

ಇದನ್ನು ಅವರಿಗೆ ಹೇಳಿದ್ದೆಯಾ ಎಂದು ಕೇಳಿದೆ.

“ಇಲ್ರಿ. ಸಿಟ್ಟಿತ್ತು ನಂಗ. ಸೀಟು ಸಿಕ್ಕ ಮ್ಯಾಲ ಸಿಟ್ಟು ಹೋಯ್ತು. ದೀಪಾವಳಿ ಸೂಟಿಗಿ ಬಂದಾಗ ಹೇಳಬೇಕಂತ ಮಾಡಿದ್ದೆ.” ತಂದೆ ಹೋದ ಕಡೆ ನೋಡಿದಳು. “ಹೇಳಿದ್ರ ಅವ್ರಿಗಿ ನಿದ್ದಿ ಬರ್ತಿತ್ತೇನ್ರಿ?”

ಬರುತ್ತಿತ್ತು ಎಂದು ಹೇಳುವುದು ಸುಲಭವಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಇಲ್ಲವ್ವಾ” ಎಂದೆ. “ಮರುದಿನಾನೇ ಆ ಡ್ರೈವರನ ಮನಿ ಹುಡುಕ್ಕೊಂತ ಹೋಗ್ತಿದ್ರು.”

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಬಸ್ಸು ಬಂತು, ತಂದೆ ಅಲ್ಲಿಂದಲೇ ಕೂಗಿ ಕರೆದ.